ಖಾಲಿ ಡಬ್ಬಿ ವಾಪಸ್ ಕೊಡುವಂತಿಲ್ಲ

ನಮ್ಮ ಅಡುಗೆಮನೆಯ ಶೆಲ್ಫಿನ ಮೇಲೆ ಒಂದು ಊಟದ ಕ್ಯಾರಿಯರ್ ಇದೆ. ಹುಟ್ಟಿದಾಗ ಅದಕ್ಕೆ ಮೂರು ಡಬ್ಬಿ. ಈಗ ಎರಡೇ. ನಡುವಿನದು ಇಲ್ಲದ್ದರಿಂದ ಮೇಲಿನ ಕೊಕ್ಕೆ ಬೀಳುವುದಿಲ್ಲ. ಏರ್‌ಪೋರ್ಟ್ ರಸ್ತೆಯಲ್ಲಿ ಒಂದು ಭಾರದ ಲಾರಿ ಹೋದರೆ ಸಾಕು, ಮೇಲಿನ ಡಬ್ಬಿ ಕೆಳಗಿನದರ ಮೇಲೆ ಲಟಲಟ ಕುಣಿಯತೊಡಗುತ್ತದೆ. ಮನೆಗೆ ಬಂದವರು "ಏನ್ರೀ ಅದು ಸದ್ದು, ಇಲಿ ಕಾಟಾನಾ?" ಎಂದು ಕೇಳುತ್ತಾರೆ. "ಇಲಿ ಅಲ್ಲ ಕಣ್ರೀ, ಹಂಗೇರಿ" ಅನ್ನುತ್ತೇನೆ. ಅವರು ಕಾಫಿ ಬೇಗ ಮುಗಿಸಿ ಎದ್ದುಹೋಗುತ್ತಾರೆ.

ನೀವು ಹಾಗೆ ಎದ್ದುಹೋಗುವವರಲ್ಲ ಎಂಬ ಧೈರ್ಯದಿಂದ ಹೇಳುತ್ತೇನೆ.

ಆ ಕ್ಯಾರಿಯರ್ ನಮ್ಮಪ್ಪನದು. ಅಪ್ಪನಿಗೆ ದ್ರಾಕ್ಷಿ ತೋಟವಿತ್ತು. ಕೊಡಿಗೇಹಳ್ಳಿಯಲ್ಲಿ ದ್ರಾಕ್ಷಿ ಬೆಳೆಯುತ್ತಿತ್ತು ಎಂದರೆ ನನ್ನ ಕ್ಲಾಸಿನ ಮಕ್ಕಳು "ಯಾವ ಸೂಪರ್ ಮಾರ್ಕೆಟ್ ಮಿಸ್?" ಅನ್ನುತ್ತವೆ. ಬೆಳಗ್ಗೆ ತೋಟಕ್ಕೆ ಹೋದರೆ ಅಪ್ಪ ಮನೆ ಸೇರುತ್ತಿದ್ದದ್ದು ದೀಪ ಹಚ್ಚಿದ ಮೇಲೆ. ಮಧ್ಯಾಹ್ನದ ಊಟ ಅಮ್ಮನ ಸೊಂಟದ ಪಕ್ಕದಲ್ಲಿ ತೂಗಾಡಿಕೊಂಡು ತೋಟಕ್ಕೆ ಹೋಗುತ್ತಿತ್ತು. ಕೆಳಗಿನ ಡಬ್ಬಿಯಲ್ಲಿ ಸಾರು, ನಡುವಿನದರಲ್ಲಿ ಮುದ್ದೆ, ಮೇಲಿನದರಲ್ಲಿ ಅನ್ನ, ಅನ್ನದ ಮೇಲೆ ಸಿಪ್ಪೆ ತೆಗೆದ ಹಸಿ ಈರುಳ್ಳಿ. ಈರುಳ್ಳಿ ಇಲ್ಲದಿದ್ದರೆ ಅಪ್ಪ ಮುದ್ದೆ ಮುಟ್ಟುತ್ತಿರಲಿಲ್ಲ. ಮೂರು ಡಬ್ಬಿಯ ಹೊಟ್ಟೆಯ ಮೇಲೂ ಚುಕ್ಕಿ ಚುಕ್ಕಿಯಾಗಿ 'ಪಿಳ್ಳಪ್ಪ, ಕೊಡಿಗೇಹಳ್ಳಿ' ಎಂದು ಕೆತ್ತಿಸಿತ್ತು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ, ನಾವೋ ಅಪ್ಪ ಅನ್ನುತ್ತಿದ್ದೆವು, ಊರವರು ಯಜಮಾನ್ರೇ ಅನ್ನುತ್ತಿದ್ದರು. ಹೀಗಾಗಿ ಚಿಕ್ಕವಳಿದ್ದಾಗ ನಾನು ಪಿಳ್ಳಪ್ಪ ಎಂದರೆ ಡಬ್ಬಿ ಮಾಡುವ ಕಂಪನಿ ಅಂದುಕೊಂಡಿದ್ದೆ. ಸ್ಕೂಲಿಗೆ ಸೇರಿಸುವ ದಿನ ಹೆಡ್ ಮೇಷ್ಟ್ರು "ನಿಮ್ಮಪ್ಪನ ಹೆಸರೇನಮ್ಮ?" ಅಂದಾಗ ಅಮ್ಮ ಸೆರಗು ಕಚ್ಚಿಕೊಂಡು ನನ್ನನ್ನು ತಿವಿದಳು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ಅಮ್ಮ ಕೈಯಲ್ಲಿದ್ದ ಕ್ಯಾರಿಯರ್ ಎತ್ತಿ ಅವರ ಮುಂದಿಟ್ಟಳು. ಅವರು ಓದಿಕೊಂಡು ಬರೆದುಕೊಂಡರು.

ಡಬ್ಬಿಯ ವಿಷಯದಲ್ಲಿ ನಮ್ಮ ಮನೆಯಲ್ಲಿ ಇದ್ದದ್ದು ಒಂದೇ ಕಾನೂನು. ಯಾರ ಮನೆಯಿಂದಲಾದರೂ ಡಬ್ಬಿ ತುಂಬಿ ಬಂದರೆ ಅದನ್ನು ಖಾಲಿ ವಾಪಸ್ ಕೊಡಬಾರದು. ನಿಮ್ಮ ಮನೆಯಲ್ಲೂ ಇದ್ದೀತು. ಪಕ್ಕದ ಮನೆಯ ನೂರಾನಿ ಆಂಟಿ ರಂಜಾನಿಗೆ ಖೀರು ಕಳಿಸಿದರೆ ಅವರ ಡಬ್ಬಿ ಯುಗಾದಿಯವರೆಗೆ ನಮ್ಮಲ್ಲಿ ಕಾದಿದ್ದು ಹೋಳಿಗೆ ಹೊತ್ತುಕೊಂಡು ಮನೆಗೆ ಹೋಗುತ್ತಿತ್ತು. ನಮ್ಮದು ಅಲ್ಲಿ ಬಕ್ರೀದಿಗೆ ಕಾಯುತ್ತಿತ್ತು. ಕೊನೆಗೆ ಅವರು ಆರ್.ಟಿ. ನಗರಕ್ಕೆ ಮನೆ ಬದಲಾಯಿಸುವ ಹೊತ್ತಿಗೆ ಯಾರ ಡಬ್ಬಿ ಯಾರ ಮನೆಯಲ್ಲಿದೆ ಎಂಬುದೇ ಮರೆತುಹೋಗಿ, ಅವರದೊಂದು ನಮ್ಮಲ್ಲೇ ಉಳಿಯಿತು. ಈಗಲೂ ಅದರಲ್ಲಿ ಹುಣಸೆಹಣ್ಣು ಹಾಕಿಟ್ಟಿದ್ದೇವೆ. ನಮ್ಮದು ಅವರ ಮನೆಯಲ್ಲಿ ಏನು ಹೊತ್ತು ಕೂತಿದೆಯೋ.

ಈ ಕಾನೂನನ್ನು ನಾನು ಒಬ್ಬ ಹಂಗೇರಿಯವರಿಗೆ ಹೇಳಿಕೊಟ್ಟೆ. ಅಲ್ಲಿಂದ ಶುರುವಾಯಿತು.

ನಮ್ಮದು ಹಳೇ ಮನೆ. ಕೆಳಗೆ ಅಮ್ಮ. ಮಹಡಿಯಲ್ಲಿ ಎರಡು ರೂಮು, ನಡುವೆ ಒಂದು ಪುಟ್ಟ ಅಡುಗೆಮನೆ, ಒಂದು ಬಚ್ಚಲು. ಒಂದು ರೂಮು ನನ್ನದು. ಅಮ್ಮನ ಟಿವಿ ಸದ್ದಿನಿಂದ ದೂರ ಕೂತು ಉತ್ತರ ಪತ್ರಿಕೆ ತಿದ್ದಲಿಕ್ಕೆ. ಇನ್ನೊಂದು ಖಾಲಿ ಬಿದ್ದಿತ್ತು. ನನ್ನ ತಮ್ಮ ಅಪಾರ್ಟ್‌ಮೆಂಟ್ ಕಟ್ಟಿಸುವವನು, ಖಾಲಿ ಜಾಗ ಕಂಡರೆ ಅವನಿಗೆ ನಿದ್ದೆ ಬರುವುದಿಲ್ಲ. ಒಂದು ದಿನ ಅದನ್ನು ಫೋನಿನ ಯಾವುದೋ ಆ್ಯಪಿನಲ್ಲಿ 'ಅಪ್ಪಟ ಹಳ್ಳಿಮನೆಯ ಅನುಭವ, ವಿಮಾನ ನಿಲ್ದಾಣಕ್ಕೆ ಹತ್ತಿರ' ಎಂದು ಹಾಕಿಬಿಟ್ಟ. ಅಪ್ಪಟ ಹಳ್ಳಿಮನೆಯ ಕಿಟಕಿ ತೆರೆದರೆ ಕಾಣುವುದು ಟೈಲ್ಸ್ ಅಂಗಡಿ ಮತ್ತು ಜಿಮ್ಮು. ಆದರೂ ಆಷಾಢದಲ್ಲಿ ಒಂದು ಬೆಳಗ್ಗೆ ಆಟೋದಿಂದ ಬ್ರಿಗಿಟಾ ಇಳಿದರು.

ಬ್ರಿಗಿಟಾ ಬುಡಾಪೆಸ್ಟಿನಲ್ಲಿ ಟ್ರಾಮ್ ಓಡಿಸಿ ರಿಟೈರ್ ಆದವರು. ಗಂಡ ತೀರಿಕೊಂಡ ಮೇಲೆ ಒಂದೊಂದು ಋತುವಿಗೆ ಒಂದೊಂದು ದೇಶದಲ್ಲಿ, ಯಾರದಾದರೂ ಮನೆಯಲ್ಲಿ ಪಾಲು ಹಿಡಿದು ಇದ್ದುಬಿಡುವುದು ಅವರ ಅಭ್ಯಾಸ. ಟ್ರಾಮ್ ಎಂದರೆ ರಸ್ತೆಯ ಮೇಲೇ ಓಡುವ ರೈಲು ಎಂದು ನಾನು ಅಮ್ಮನಿಗೆ ವಿವರಿಸಿದೆ.

"ರಸ್ತೆ ಮ್ಯಾಲೆ ರೈಲಾ? ಆಯಮ್ಮ ನಿಜವಾಗ್ಲೂ ರೈಲು ಬಿಟ್ಟವ್ಳೋ, ಇಲ್ಲ ನಮ್ಮತ್ರ ರೈಲು ಬಿಡ್ತಾವ್ಳೋ?" ಅಂದಳು ಅಮ್ಮ.

ಅನುಮಾನಕ್ಕೆ ಕಾರಣವಿತ್ತು. ರೈಲು ಬಿಟ್ಟವರಿಗೆ ಕೊಡಿಗೇಹಳ್ಳಿ ಗೇಟಿನಲ್ಲಿ ರಸ್ತೆ ದಾಟಲು ಬರುತ್ತಿರಲಿಲ್ಲ. ಮೊದಲ ವಾರ ಅವರು ಗಾಡಿಗಳು ನಿಲ್ಲುತ್ತವೆ ಎಂದು ಫುಟ್‌ಪಾತಿನ ಮೇಲೆ ಕಾಯುತ್ತಾ ನಿಂತೇ ಇರುತ್ತಿದ್ದರು. ಹೂ ಮಾರುವ ಹೆಂಗಸು ನೋಡಿ ನೋಡಿ ಸಾಕಾಗಿ, ಮದುಮಗಳನ್ನು ಮಂಟಪಕ್ಕೆ ಕರೆದೊಯ್ದಂತೆ ಕೈಹಿಡಿದು ದಾಟಿಸುತ್ತಿದ್ದಳು.

ಬಂದ ದಿನವೇ ಬ್ರಿಗಿಟಾ ನನ್ನನ್ನು ಕೂರಿಸಿಕೊಂಡು, ಈ ಮನೆಯ ನಿಯಮಗಳೇನು ಎಂದು ಕೇಳಿದರು. ಅವರು ಮಾತಾಡುತ್ತಿದ್ದದ್ದು ಇಂಗ್ಲಿಷು, ನಾನದನ್ನು ನಮ್ಮ ಮಾತಿಗೆ ತಿರುಗಿಸಿ ಹೇಳುತ್ತಿದ್ದೇನೆ. ನಿಯಮ ಕೇಳಿದರೆ ಟೀಚರಾದವಳಿಗೆ ಇಲ್ಲ ಅನ್ನಲು ಮನಸ್ಸು ಬರುತ್ತದೆಯೇ? ಚಪ್ಪಲಿ ಆಚೆ ಬಿಡಬೇಕು ಅಂದೆ. ನೀರು ಬಿಟ್ಟಾಗ ಮೋಟರು ಹಾಕಬೇಕು ಅಂದೆ. ಮನೆಯಿಂದ ಹೊರಡುವಾಗ 'ಹೋಗ್ತೀನಿ' ಅನ್ನಬಾರದು, 'ಬರ್ತೀನಿ' ಅನ್ನಬೇಕು ಅಂದೆ. ಬ್ರಿಗಿಟಾ ಇದನ್ನು ಸಿಗ್ನಲ್ಲಿನ ಕೆಂಪು ದೀಪದಷ್ಟು ಗಂಭೀರವಾಗಿ ತೆಗೆದುಕೊಂಡರು. ಬಚ್ಚಲಿಗೆ ಹೋಗುವಾಗಲೂ "ಬರ್ತೀನಿ" ಅನ್ನುತ್ತಿದ್ದರು. ಯಲಹಂಕಕ್ಕೆ ಹೋಗಿ ಆಟೋ ಇಳಿದು ದುಡ್ಡು ಕೊಟ್ಟು ಡ್ರೈವರಿಗೆ "ಬರ್ತೀನಿ" ಅಂದರಂತೆ. ಅವರು ಅಂಗಡಿ ಎಲ್ಲ ಸುತ್ತಿ ಬರುವ ತನಕ ಅವನು ಪಾಪ ಕಾದಿದ್ದ.

ಇಷ್ಟಾದರೂ ನನಗೆ ಬುದ್ಧಿ ಬರಲಿಲ್ಲ.

ಬಂದ ಮೂರು ನಾಲ್ಕು ದಿನಕ್ಕೆ ಅಮ್ಮ ಮಹಡಿಗೆ ಮುದ್ದೆ ಕಳಿಸಿದಳು. ಬಿಸಿ ಆರಬಾರದೆಂದು ಶೆಲ್ಫಿನ ಮೇಲಿದ್ದ ಅಪ್ಪನ ಕ್ಯಾರಿಯರಿನಿಂದ ಮುದ್ದೆ ಡಬ್ಬಿಯನ್ನೇ ಬಿಚ್ಚಿಕೊಂಡಳು. ಅದರಷ್ಟು ಬಿಸಿ ಹಿಡಿಯುವ ಪಾತ್ರೆ ಇನ್ನೊಂದಿಲ್ಲ ಎಂಬುದು ಅವಳ ನಂಬಿಕೆ. ಬ್ರಿಗಿಟಾ ಮುದ್ದೆಯನ್ನು ಚಾಕುವಿನಲ್ಲಿ ಬ್ರೆಡ್ಡಿನಂತೆ ಹೋಳು ಮಾಡಿ, ತವದ ಮೇಲೆ ಕೆಂಪಗೆ ಹುರಿದು ತಿಂದರು. ಸಂಜೆ ಡಬ್ಬಿ ಫಳಫಳ ಹೊಳೆಯುತ್ತಾ ವಾಪಸು ಬಂತು. ಖಾಲಿ.

ಅಮ್ಮ ಮುಚ್ಚಳ ತೆಗೆದು ನೋಡಿದಳು. ಒಳಗೆ ಅವಳದೇ ಮುಖ ಕಂಡಿತು. ಆ ಮುಖ ಚಿಕ್ಕದಾಯಿತು.

"ಖಾಲಿ ಕೊಟ್ಟವ್ಳಲ್ಲಮ್ಮಿ ಆಯಮ್ಮ."

"ಅವ್ರಿಗೇನ್ ಗೊತ್ತಮ್ಮ, ಬಿಡು."

"ಗೊತ್ತಿಲ್ದಿದ್ರೆ ಏಳ್ಕೊಡು. ಮೇಷ್ಟ್ರಮ್ಮ ಅಲ್ವಾ ನೀನು?"

ಹೇಳಿಕೊಟ್ಟೆ. ಬ್ರಿಗಿಟಾ ಕೆನ್ನೆಗೆ ಕೈ ಕೊಟ್ಟುಕೊಂಡು ಕೇಳಿದರು. ಒಂದು ಮನೆಯಿಂದ ಬಂದ ಡಬ್ಬಿ ಖಾಲಿ ಹೋಗಬಾರದು, ಯಾವತ್ತೂ ಹೋಗಬಾರದು, ಸರಿ ತಾನೇ ಎಂದು ಎರಡು ಸಲ ಖಚಿತ ಮಾಡಿಕೊಂಡರು. ಅವರ ಮುಖದಲ್ಲಿ ಒಬ್ಬ ಪ್ರಯಾಣಿಕನನ್ನು ಸ್ಟಾಪಿನಲ್ಲೇ ಬಿಟ್ಟುಬಂದ ಡ್ರೈವರಿನ ಸಂಕಟವಿತ್ತು. ಮಾರನೆಯ ದಿನ ಅಮ್ಮನ ಹತ್ತಿರ ಡಬ್ಬಿ ಮತ್ತೆ ಇಸಕೊಂಡು ಹೋಗಿ, ಅದರ ತುಂಬ ತಮ್ಮೂರಿನ ಮೆಣಸಿನಪುಡಿ ತುಂಬಿ ತಂದುಕೊಟ್ಟರು. ಕುಂಕುಮದಂಥ ಕೆಂಪು. ಅಮ್ಮ ಹೆದರಿಕೊಂಡು ಸಾರಿಗೆ ಚಿಟಿಕೆ ಹಾಕಿದಳು, ಏನೂ ಆಗಲಿಲ್ಲ. ಚಮಚ ಹಾಕಿದಳು, ಆಗಲೂ ಏನೂ ಆಗಲಿಲ್ಲ.

"ಬಣ್ಣ ಐತೆ, ಖಾರ ಇಲ್ಲ. ನಿನ್ನ ತಮ್ಮನ ಮಾತಿದ್ದಂಗೈತೆ" ಅಂದಳು. ಆದರೆ ಖುಷಿಯಾಗಿದ್ದಳು. ಇಷ್ಟೊಂದು ಕೊಟ್ಟವರಿಗೆ ಸುಮ್ಮನಿರಲು ಆಗುತ್ತದೆಯೇ ಎಂದು ಅದೇ ಡಬ್ಬಿಯಲ್ಲಿ ಹಲಸಿನ ತೊಳೆ ಬಿಡಿಸಿಟ್ಟು ಮೇಲೆ ಕಳಿಸಿದಳು.

ಬ್ರಿಗಿಟಾ ಅದರಲ್ಲಿ ಒಣಗಿದ ಪೈನ್ ಮರದ ಕಾಯಿ ಹಾಕಿ ಕೊಟ್ಟರು. ಅಮ್ಮ ಅದನ್ನು ಬೇಯಿಸಬೇಕೋ ಹುರಿಯಬೇಕೋ ತಿಳಿಯದೆ ದೇವರ ಮುಂದಿಟ್ಟು, ಚಿತ್ರಾನ್ನ ಕಳಿಸಿದಳು. ಚಿತ್ರಾನ್ನಕ್ಕೆ ಬದಲಾಗಿ ಎರಡು ಬ್ಯಾಟರಿ ಸೆಲ್ಲು ಬಂದವು. ಟಿವಿ ರಿಮೋಟು ಕೆಲಸ ನಿಲ್ಲಿಸಿ ಬಹಳ ದಿನವಾಗಿತ್ತು. ಅಮ್ಮನಿಗೆ ಅವತ್ತು ಆದ ಸಂತೋಷ ನನ್ನ ಬಿ.ಎಡ್. ಮುಗಿದಾಗಲೂ ಆಗಿರಲಿಲ್ಲ. "ಗಿಟ್ಟಮ್ಮ ಬುದ್ವಂತೆ" ಎಂದು ಸರ್ಟಿಫಿಕೇಟು ಕೊಟ್ಟು ಕೋಡುಬಳೆ ಸುಟ್ಟಳು. ಅವತ್ತಿನಿಂದ ಬ್ರಿಗಿಟಾ ನಮ್ಮ ಬೀದಿಗೆಲ್ಲ ಗಿಟ್ಟಮ್ಮನಾದರು.

ನಾನು ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿಕೊಂಡು ನಗುತ್ತಿದ್ದೆ. ನಗು ನಿಂತದ್ದು ಕಾಲುಚೀಲದ ದಿನ.

ವರಮಹಾಲಕ್ಷ್ಮಿ ಹಬ್ಬದ ಒಬ್ಬಟ್ಟಿಗೆ ಪ್ರತಿಯಾಗಿ ಡಬ್ಬಿಯಲ್ಲಿ ಕೈಯಲ್ಲಿ ಹೆಣೆದ ಉಣ್ಣೆಯ ಕಾಲುಚೀಲ ಬಂತು. ನೀಲಿ ಬಣ್ಣ, ಅಂಚಿಗೆ ಬಿಳಿ ಹೂವು. ಅಮ್ಮ ಹಾಕಿಕೊಂಡು ನೋಡಿದಳು, ಅಳತೆ ಹಿಡಿದು ಮಾಡಿದಂತಿತ್ತು. ಆದರೆ ಇದ್ದದ್ದು ಒಂದೇ.

"ಇನ್ನೊಂದು?" ಎಂದು ನಾನು ಮೇಲೆ ಹೋಗಿ ಕೇಳಿದೆ.

"ಅದು ಮುಂದಿನ ಸಲಕ್ಕೆ. ಎರಡನ್ನೂ ಒಟ್ಟಿಗೇ ಕೊಟ್ಟರೆ ಮುಂದಿನ ಸಲ ಏನು ಕೊಡಲಿ?" ಅಂದರು ಬ್ರಿಗಿಟಾ. ಅವರ ಕಣ್ಣ ಕೆಳಗೆ ಕಪ್ಪಾಗಿತ್ತು.

ಅಮ್ಮನ ಸ್ಥಿತಿ ಊಹಿಸಿಕೊಳ್ಳಿ. ಒಂದು ಕಾಲಿಗೆ ಕಾಲುಚೀಲ, ಇನ್ನೊಂದು ಬರಿಗಾಲು. ಇನ್ನೊಂದು ಬೇಕೆಂದರೆ ಏನಾದರೂ ಮಾಡಿ ಕಳಿಸಬೇಕು. ಅವಳಿಗೆ ಮಂಡಿ ನೋವು; ಒಲೆ ಮುಂದೆ ನಿಂತರೆ ಸಂಜೆ ಕೂರಲಾಗುವುದಿಲ್ಲ. ಆದರೂ ನಿಪ್ಪಟ್ಟು ತಟ್ಟಿದಳು. ನೀಲಿ ಕಾಲುಚೀಲ ಜೋಡಿಯಾಯಿತು. ಜೋಡಿ ಬಂದ ಮೇಲೆ ಸುಮ್ಮನಿರಲು ಆಗುತ್ತದೆಯೇ? ಗೌರಿ ಹಬ್ಬದ ಕರಿಗಡುಬು ಮೇಲೆ ಹೋಯಿತು.

"ಸಾಕಾಯ್ತು ಕಣಮ್ಮಿ. ಆಯಮ್ಮ ನಿಲ್ಸಂಗಿಲ್ಲ, ನಾನು ನಿಲ್ಸಂಗಿಲ್ಲ" ಎಂದು ಅಮ್ಮ ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಾ ನನ್ನ ಹತ್ತಿರ ಗೊಣಗುವಳು. ಮಹಡಿ ಹತ್ತಿದರೆ ಬ್ರಿಗಿಟಾ ಪಿಸುಮಾತಿನಲ್ಲಿ, ನಿನ್ನ ತಾಯಿ ತುಂಬ ಶಕ್ತಿವಂತೆ, ಅವರಿಗೆ ಎಂದೂ ದಣಿವಾಗುವುದಿಲ್ಲವೇ ಎಂದು ಕೇಳುವರು. ಇಬ್ಬರಿಗೂ ಇನ್ನೊಬ್ಬರು ಗೆಲ್ಲುತ್ತಿದ್ದಾರೆ ಎಂಬ ಭಯ.

ನಾನು ಸಂಧಾನಕ್ಕೆ ಹೊರಟೆ. ಸಂಧಾನಕ್ಕೆ ಹೋಗಿ ಯುದ್ಧವನ್ನು ಎರಡು ಮಾಡಿಕೊಂಡು ಬಂದವರು ಬಹುಶಃ ನಾನೊಬ್ಬಳೇ. ಸ್ಟೀಲ್ ಡಬ್ಬಿ ಮೇಲಿದ್ದಾಗ ಅಮ್ಮನಿಗೆ ಹೇಳಿದೆ: "ಈ ಸಲ ಐಸ್‌ಕ್ರೀಂ ಡಬ್ಬೀಲಿ ಕಳ್ಸಮ್ಮ. ಪ್ಲಾಸ್ಟಿಕ್ಕು, ವಾಪಸ್ ಬರ್ದಿದ್ರೂ ಚಿಂತೆಯಿಲ್ಲ. ಹಂಗೇ ನಿಂತ್‌ಹೋಗತ್ತೆ." ಅಮ್ಮ ಅದರಲ್ಲಿ ಮೊಸರನ್ನ ಕಳಿಸಿದಳು. ಐಸ್‌ಕ್ರೀಂ ಡಬ್ಬಿ ಸಂಜೆಗೇ ವಾಪಸು ಬಂತು, ಒಳಗೆ ಒಂದು ಬೇಯಿಸಿದ ಆಲೂಗಡ್ಡೆ ಮತ್ತು ಒಂದು ಹಳೇ ಟ್ರಾಮ್ ಟಿಕೆಟ್ಟು. ಈಗ ಮೆಟ್ಟಿಲ ಮೇಲೆ ಎರಡೆರಡು ಡಬ್ಬಿ ಓಡಾಡತೊಡಗಿದವು. ಅಟ್ಟೂರಿನಿಂದ ಬಂದ ನಮ್ಮ ಚಿಕ್ಕಮ್ಮ ಒಂದು ಮಧ್ಯಾಹ್ನ ಕೂತು ನೋಡಿ, "ಏನಕ್ಕಾ, ಮೇಲ್ಗಡೆ ಹೋಟ್ಲು ಗೀಟ್ಲು ಇಟ್ಟಿದ್ಯಾ?" ಎಂದು ಕೇಳಿದಳು.

ಅಷ್ಟರಲ್ಲಿ ಪಿತೃಪಕ್ಷ ಬಂತು.

ಇಲ್ಲಿ ನಗು ಸ್ವಲ್ಪ ಪಕ್ಕಕ್ಕಿಡಬೇಕು. ನಮ್ಮ ಕಡೆ ಹಿರಿಯರ ಹಬ್ಬದಲ್ಲಿ ತೀರಿಕೊಂಡವರಿಗೆ ಅವರವರ ಇಷ್ಟದ್ದನ್ನು ಮಾಡಿ ಎಡೆ ಇಡುತ್ತೇವೆ. ಎಲ್ಲರೂ ಮನೆಯಲ್ಲಿ ಇಡುತ್ತಾರೆ. ಅಮ್ಮ ಮಾತ್ರ ಅಪ್ಪನ ಎಡೆಯನ್ನು ಕ್ಯಾರಿಯರಿಗೆ ಹಾಕಿಕೊಂಡು ಅವನ ಸಮಾಧಿಯ ಹತ್ತಿರ ಹೋಗುತ್ತಾಳೆ. "ಬದುಕಿದ್ದಾಗ ಮಧ್ಯಾನ ಮನೇಗ್ ಬಂದು ಉಂಡೋರಲ್ಲ. ಈಗ ಬತ್ತಾರಾ?" ಎಂಬುದು ಅವಳ ವಾದ. ಆ ಕ್ಯಾರಿಯರ್ ವರ್ಷಕ್ಕೊಮ್ಮೆ ಶೆಲ್ಫಿನಿಂದ ಇಳಿಯುವುದೇ ಅದಕ್ಕಾಗಿ. ಕೆಳಗೆ ಸಾರು, ನಡುವೆ ಮುದ್ದೆ, ಮೇಲೆ ಅನ್ನ, ಈರುಳ್ಳಿ. ಒಂದೂ ಆಚೀಚೆ ಆಗುವಂತಿಲ್ಲ.

ಅಮಾವಾಸ್ಯೆಗೆ ಎರಡು ದಿನ ಇತ್ತು. ಮುದ್ದೆ ಡಬ್ಬಿ ಮಹಡಿಯ ಮೇಲಿತ್ತು.

"ಹೋಗಿ ಕೇಳ್ಲಾಮ್ಮ?" ಅಂದೆ.

"ಕೊಟ್ಟ ಡಬ್ಬಿ ವಾಪಸ್ ಕೇಳಾದಾ? ಮಾನ ಇರೋರು ಕೇಳ್ತಾರಾ?"

"ಬೇರೆ ಡಬ್ಬಿ ತರ್ತೀನಿ."

ಯಲಹಂಕದ ಪಾತ್ರೆ ಅಂಗಡಿಗಳನ್ನೆಲ್ಲ ಸುತ್ತಿ ಅದೇ ಅಳತೆಯದು ಎಂದು ಒಂದು ತಂದೆ. ನೂಲೆಳೆಯಷ್ಟು ದೊಡ್ಡದು, ಕೂರಲಿಲ್ಲ. ಅಮ್ಮ ಅದನ್ನು ಪಕ್ಕಕ್ಕಿಟ್ಟು ಸುಮ್ಮನೆ ಕ್ಯಾರಿಯರಿನ ಎರಡು ಡಬ್ಬಿಯನ್ನು ಸೆರಗಿನಲ್ಲಿ ಒರೆಸುತ್ತಾ ಕೂತಳು. ಬೈದಿದ್ದರೆ ವಾಸಿಯಿತ್ತು. ಅಪ್ಪ ತೀರಿಕೊಂಡ ವರ್ಷ ಹೀಗೇ ಏನನ್ನೋ ಒರೆಸುತ್ತಾ ಕೂತಿರುತ್ತಿದ್ದಳು.

ಮಹಡಿಗೆ ಹೋದೆ. ಬ್ರಿಗಿಟಾ ರೂಮಿನ ನೆಲದ ಮೇಲೆ ಕೂತಿದ್ದರು. ಎದುರಿಗೆ ಬಾಯಿ ತೆರೆದ ಸೂಟ್‌ಕೇಸು, ಪಕ್ಕದಲ್ಲಿ ಅಪ್ಪನ ಡಬ್ಬಿ. ಸೂಟ್‌ಕೇಸಿನಲ್ಲಿ ಒಂದಿಷ್ಟು ಬಟ್ಟೆ ಬಿಟ್ಟರೆ ಇನ್ನೇನೂ ಇರಲಿಲ್ಲ. ಉಣ್ಣೆ ಮುಗಿದಿತ್ತು, ಪುಡಿ ಮುಗಿದಿತ್ತು, ಸೂಜಿ ದಾರ ಗುಂಡಿಗಳೆಲ್ಲ ಕೆಳಗೆ ಅಮ್ಮನ ಡ್ರಾಯರು ಸೇರಿದ್ದವು. ಅವರು ಹಲ್ಲುಜ್ಜುವ ಬ್ರಷ್ಷನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದರು.

"ಬ್ರಿಗಿಟಾ, ಡಬ್ಬಿ ತುಂಬಲೇಬೇಕು ಅಂತೇನಿಲ್ಲ" ಅಂದೆ. "ಎರಡು ಕಾಳು ಸಕ್ಕರೆ ಹಾಕಿ ಕೊಟ್ಟರೂ ಆಗುತ್ತೆ. ನಮ್ಮಲ್ಲಿ ಎಲ್ಲರೂ ಹಾಗೇ ಮಾಡೋದು."

ಅವರು ನಿಧಾನಕ್ಕೆ ನನ್ನ ಕಡೆ ತಿರುಗಿದರು.

"ಎರಡು ಕಾಳು ಸಕ್ಕರೆ?"

"ಹೌದು."

"ನಾನು ರಾತ್ರಿಯೆಲ್ಲ ಕೂತು ಹೆಣೆದೆ."

ಅವರು ಹಂಗೇರಿ ಭಾಷೆಯಲ್ಲಿ ನನಗೆ ಏನೋ ಹೇಳಿದರು. ಅರ್ಥವಾಗಲಿಲ್ಲ, ಆದರೆ ಒಳ್ಳೆಯದನ್ನಂತೂ ಹೇಳಿರಲಾರರು. ಆಮೇಲೆ ಇದ್ದಕ್ಕಿದ್ದಂತೆ ನಗತೊಡಗಿದರು. ಕಣ್ಣೊರೆಸಿಕೊಂಡು, ಇದನ್ನು ಈಗ ಯಾಕೆ ಹೇಳಿದೆ ಎಂದು ಕೇಳಿದರು. ಅಪ್ಪನ ವಿಷಯ ಹೇಳಿದೆ. ಎಡೆಯ ವಿಷಯ, ಕ್ಯಾರಿಯರಿನ ವಿಷಯ. ಅವರು ಡಬ್ಬಿಯ ಮೇಲಿನ ಅಕ್ಷರದ ಮೇಲೆ ಬೆರಳಾಡಿಸಿದರು. ಇಷ್ಟು ದಿನ ಅದನ್ನು ಅವರು ಕಂಪನಿಯ ಹೆಸರು ಅಂದುಕೊಂಡಿದ್ದರಂತೆ.

"ಸತ್ತವರಿಗೆ ಇಷ್ಟವಾದದ್ದನ್ನು ಇಡಬೇಕೇ?" ಎಂದರು.

"ಹೌದು."

"ಅವರು ಎಲ್ಲಿ ಸತ್ತಿದ್ದರೂ?"

ನನಗೆ ಗೊತ್ತಿರಲಿಲ್ಲ. ಸಿಲಬಸ್ಸಿನಲ್ಲಿ ಇಲ್ಲದ ಪ್ರಶ್ನೆ. "ಇಡಬಹುದು ಅನ್ಸತ್ತೆ" ಅಂದೆ.

ಅಮಾವಾಸ್ಯೆಯ ದಿನ ಅಮ್ಮ ಕೋಳಿ ಸಾರು ಮಾಡಿ, ಮುದ್ದೆ ಕಟ್ಟಿ ತಟ್ಟೆಯಲ್ಲಿಟ್ಟುಕೊಂಡು, ಬಾಗಿಲ ಕಡೆ ನೋಡದವಳ ಹಾಗೆ ನೋಡುತ್ತಿದ್ದಳು. ಬ್ರಿಗಿಟಾ ಇಳಿದು ಬಂದರು. ನೀಲಿ ಫ್ರಾಕು, ತಲೆಗೆ ಎಣ್ಣೆ ಹಚ್ಚಿದಂತೆ ಬಾಚಿದ ಬಿಳಿಗೂದಲು, ಕೈಯಲ್ಲಿ ಡಬ್ಬಿ. ಅಮ್ಮ ಎರಡೂ ಕೈಯಲ್ಲಿ ಇಸಕೊಂಡಳು. ಮುಚ್ಚಳ ತೆಗೆದಳು.

ಸಕ್ಕರೆ ಇರಲಿಲ್ಲ. ಡಬ್ಬಿಯ ತುಂಬ ಬೆಣ್ಣೆ ಸವರಿದ ಬ್ರೆಡ್ಡು, ಬ್ರೆಡ್ಡಿನ ಮೇಲೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿದ ಹಸಿ ಈರುಳ್ಳಿ, ಅದರ ಮೇಲೆ ಆ ಖಾರವಿಲ್ಲದ ಕೆಂಪು ಪುಡಿ. ಪುಡಿಯನ್ನು ನನ್ನ ಕೈಯಲ್ಲಿ ಅಮ್ಮನಿಂದಲೇ ಸಾಲ ತರಿಸಿಕೊಂಡಿದ್ದರು, ಯಾಕೆಂದು ಹೇಳಿರಲಿಲ್ಲ.

"ಇದು ನಿಮಗಲ್ಲ, ನನ್ನ ಗಂಡನಿಗೆ" ಎಂದರು ಬ್ರಿಗಿಟಾ. "ಅವನೂ ಟ್ರಾಮ್ ಓಡಿಸುತ್ತಿದ್ದ. ಡ್ಯೂಟಿಗೆ ದಿನಾ ಇದನ್ನೇ ಕಟ್ಟಿಕೊಡುತ್ತಿದ್ದೆ. ಅವನು ಹೋದ ಮೇಲೆ ಯಾರಿಗೂ ಕಟ್ಟಿಲ್ಲ."

ನಾನು ಅಮ್ಮನಿಗೆ ಹೇಳಿದೆ. ಡಬ್ಬಿ ಬಂದಿದೆ, ಆದರೆ ಮುದ್ದೆಯ ಜಾಗದಲ್ಲಿ ಹಂಗೇರಿಯವರೊಬ್ಬರು ಕೂತಿದ್ದಾರೆ. ಅಮ್ಮ ಡಬ್ಬಿಯೊಳಗೆ ಬಗ್ಗಿ ನೋಡಿದಳು.

"ಈರುಳ್ಳಿ ತಿಂತಿದ್ರಂತಾ?"

"ಹೂಂ."

"ಹಸೀದಾ?"

"ಹಸೀದೇ."

ಅಮ್ಮ ಎದ್ದು ಬಾಳೆಲೆಯ ಒಂದು ತುಂಡು ಹರಿದು, ಬ್ರೆಡ್ಡಿನ ಮೇಲೆ ಹಾಸಿದಳು. ದೊಡ್ಡ ಮುದ್ದೆಯನ್ನು ಮುರಿದು ಚಿಕ್ಕದೊಂದು ಕಟ್ಟಿ, ಎಲೆಯ ಮೇಲಿಟ್ಟು, ಮುಚ್ಚಳ ಅದುಮಿದಳು. ಕೊಕ್ಕೆ ಟಕ್ ಎಂದು ಬಿತ್ತು.

"ಅಂಚ್ಕಂಡು ಉಣ್ಲಿ" ಅಂದಳು. "ಒಂದೇ ಮಹಡೀಲಿ ನೀವಿಬ್ರು ಅಂಚ್ಕಂಡು ಇಲ್ವಾ?"

ಅಪ್ಪನ ಸಮಾಧಿ ಇರುವುದು ಹಳೇ ತೋಟದ ಮೂಲೆಯಲ್ಲಿ. ತೋಟ ಇರುವುದು ತಮ್ಮ ಕಟ್ಟಿಸಿದ ಅಪಾರ್ಟ್‌ಮೆಂಟಿನ ಅಡಿಯಲ್ಲಿ. ಸಮಾಧಿಯನ್ನು ಅಲುಗಿಸಬಾರದು ಎಂದು ಅಮ್ಮ ಹಟ ಹಿಡಿದದ್ದರಿಂದ ಅಪ್ಪ ಈಗ ಜನರೇಟರಿಗೂ ಬ್ಯಾಡ್ಮಿಂಟನ್ ಅಂಗಳಕ್ಕೂ ನಡುವೆ ಮಲಗಿದ್ದಾನೆ. ಗೇಟಿನಲ್ಲಿ ಹೊಸ ಸೆಕ್ಯುರಿಟಿ. ಅವನ ಕೈಯಲ್ಲಿ ಫೋನು.

"ಯಾರ್ ಮನೆಗ್ ಹೋಗ್ಬೇಕು ಮೇಡಂ? ಅವ್ರು ಆ್ಯಪಲ್ಲಿ ಓಕೆ ಮಾಡ್ಬೇಕು."

"ಪಿಳ್ಳಪ್ಪ ಅಂತ" ಅಂದೆ. ಅಮ್ಮ ಗಂಡನ ಹೆಸರು ಹೇಳುವಂತಿಲ್ಲವಲ್ಲ.

ಅವನು ಹುಡುಕಿದ. "ಇಲ್ವಲ್ಲ ಮೇಡಂ. ಓನರ್ರಾ, ಬಾಡಿಗೆನಾ?"

"ಪರ್ಮನೆಂಟು" ಅಂದೆ.

ಅವನಿಗೆ ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಸಾರು ಆರಿತ್ತು. ಸಮಾಧಿಯ ಮೇಲೆ ಎಲೆ ಹಾಕಿ ಅಮ್ಮ ಬಡಿಸಿದಳು. ಒಂದು ಕಡೆ ಮುದ್ದೆ, ಸಾರು, ಈರುಳ್ಳಿ. ಇನ್ನೊಂದು ಕಡೆ ಬ್ರೆಡ್ಡು, ಈರುಳ್ಳಿ. ನಾವು ನೋಡುತ್ತಿದ್ದರೆ ಅವರು ಉಣ್ಣುವುದಿಲ್ಲ. ಅದಕ್ಕೇ ಮೂವರೂ ಹೋಗಿ ಜನರೇಟರಿನ ಹಿಂದೆ ಅವಿತುಕೊಂಡೆವು. 'ಬರ್ತೀನಿ' ಎಂದು ಬ್ರಿಗಿಟಾ ಸಮಾಧಿಗೆ ಹೇಳಿಯೇ ಬಂದರು. ವಾಕಿಂಗಿನ ಗಂಡಸೊಬ್ಬರು ಜನರೇಟರಿನ ಹಿಂದೆ ಸಾಲಾಗಿ ಕೂತಿದ್ದ ಮೂವರು ಹೆಂಗಸರನ್ನು ಕಂಡು ದಾರಿ ಬದಲಿಸಿದರು.

ಕಾಗೆ ಬಂತು. ಎಲೆಯ ಸುತ್ತ ಎರಡು ಸುತ್ತು ಹಾಕಿತು. ಮುದ್ದೆಯನ್ನು ನೋಡಿತು. ಸಾರನ್ನು ನೋಡಿತು. ಆಮೇಲೆ ಸೀದಾ ಹೋಗಿ ಬ್ರೆಡ್ಡು ಕಚ್ಚಿಕೊಂಡು ಹಾರಿತು.

ನಾನು ಅಮ್ಮನ ಮುಖ ನೋಡಿದೆ. ಅಮ್ಮ ತುಟಿ ಬಿಗಿದಿದ್ದಳು.

"ಇವ್ರು ಮೊದ್ಲಿಂದ್ಲೂ ಇಂಗೇಯ" ಅಂದಳು. "ಮನೆ ಊಟಕ್ಕಿಂತ ವರಗಿನ್ ಊಟದ್ ಮ್ಯಾಲೇ ಆಸೆ."

ಅದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದಾಗ ಬ್ರಿಗಿಟಾ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ನಗುತ್ತಲೇ ಅತ್ತರು. ಅಮ್ಮ ಸೆರಗು ಕೊಟ್ಟಳು ಒರೆಸಿಕೊಳ್ಳಲಿಕ್ಕೆ. ಮನೆಗೆ ಬರುವಾಗ ಮೂರೂ ಡಬ್ಬಿ ಖಾಲಿಯಾಗಿದ್ದವು, ಕೊಕ್ಕೆ ಬಿದ್ದಿತ್ತು. ಕ್ಯಾರಿಯರ್ ಶೆಲ್ಫು ಸೇರಿತು. ಮಹಡಿಯಲ್ಲಿದ್ದ ಐಸ್‌ಕ್ರೀಂ ಡಬ್ಬಿಯಲ್ಲಿ ನಾನೇ ಎರಡು ಕಾಳು ಸಕ್ಕರೆ ಹಾಕಿ ತಂದು ಕೆಳಗಿಟ್ಟೆ. ಯುದ್ಧ ಮುಗಿಯಿತು. ಮುಂದಿನ ವಾರವೆಲ್ಲ ಮನೆ ಎಷ್ಟು ತಣ್ಣಗಿತ್ತೆಂದರೆ ನನಗೆ ಬೇಸರವೇ ಆಯಿತು.

ದಸರೆ ಮುಗಿದ ಮೇಲೆ ಬ್ರಿಗಿಟಾ ಹೊರಟರು. ಕ್ಯಾಬು ಗೇಟಿನ ಮುಂದೆ ನಿಂತಿತ್ತು. ಸೂಟ್‌ಕೇಸು ಎಷ್ಟು ಹಗುರವೆಂದರೆ ಡ್ರೈವರು ಒಂದೇ ಬೆರಳಲ್ಲಿ ಎತ್ತಿದ. ಅವರು ನನ್ನನ್ನು ತಬ್ಬಿಕೊಂಡರು. ಬೀದಿಯ ಹೆಂಗಸರೆಲ್ಲ "ಓಗ್ಬಾ ಗಿಟ್ಟಮ್ಮ" ಅಂದರು. ಅಮ್ಮ ಮಾತ್ರ ಕಾಣಲಿಲ್ಲ. ಅಡುಗೆಮನೆಯಲ್ಲಿ ಏನೋ ಲಟಲಟ ಸದ್ದು ಕೇಳಿತು. ಆಮೇಲೆ ಕಾಲಿಗೆ ನೀಲಿ ಕಾಲುಚೀಲ ಹಾಕಿಕೊಂಡು ಅಮ್ಮ ಅವಸರವಾಗಿ ಬಂದಳು. ಕೈಯಲ್ಲಿ ಮುದ್ದೆ ಡಬ್ಬಿ. ಒಳಗೆ ಇರುಕಿ ಇರುಕಿ ತುಂಬಿದ ಕೋಡುಬಳೆ.

"ಅಮ್ಮಾ! ಅದು ಅಪ್ಪಂದು" ಅಂದೆ.

"ನಂಗೊತ್ತಿಲ್ವಾ? ಸುಮ್ಕಿರು."

ಬ್ರಿಗಿಟಾ ಡಬ್ಬಿ ತೆಗೆದುಕೊಂಡು ಅಕ್ಷರದ ಮೇಲೆ ಒಮ್ಮೆ ಬೆರಳಾಡಿಸಿದರು. ಅಮ್ಮನ ಮುಖ ನೋಡಿದರು. ಅವರಿಗೆ ನನಗಿಂತ ಮೊದಲೇ ಅರ್ಥವಾಯಿತು.

"ಬರ್ತೀನಿ" ಅಂದರು.

ಈಗ ಮತ್ತೆ ಪಿತೃಪಕ್ಷ ಹತ್ತಿರವಾಗುತ್ತಿದೆ. ಮೊನ್ನೆ ವಿಡಿಯೋ ಕಾಲ್ ಬಂದಿತ್ತು. ಬುಡಾಪೆಸ್ಟಿನ ಯಾವುದೋ ಕಿಟಕಿಯ ಮೇಲೆ 'ಪಿಳ್ಳಪ್ಪ, ಕೊಡಿಗೇಹಳ್ಳಿ' ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿತ್ತು. ಒಳಗೆ ಏನು ತುಂಬಿದ್ದಾರೋ ತೋರಿಸಲಿಲ್ಲ, ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ ಮಾತಾಡಿದರು. ಟಿಕೆಟ್ಟಿಗೆ ನೋಡುತ್ತಿದ್ದೇನೆ, ಸಿಗದಿದ್ದರೆ ಹಬ್ಬದೊಳಗೆ ತಲುಪುವಂತೆ ಕೊರಿಯರ್ ಮಾಡಲೇ ಎಂದು ಕೇಳಿದರು.

ಅಮ್ಮ ನನ್ನ ಕೈಯಿಂದ ಫೋನು ಕಿತ್ತುಕೊಂಡಳು.

"ಕೊರಿಯರ್ ಗಿರಿಯರ್ ಆಗಲ್ಲ ಅಂತ ಏಳಮ್ಮಿ" ಅಂದಳು. "ನಮ್ಮಲ್ಲಿ ಡಬ್ಬೀನ ಕೈಯಲ್ಲೇ ತಂದ್ ಕೊಡ್ಬೇಕು. ಅದೂ ಒಂದು ನಿಯಮ ಐತೆ ಅಂತ ಏಳು."